ಮೇಷ್ಟರ ಸಂಬಳದಲ್ಲಿ ಕಡಿದು ಕೊಟ್ಟದ್ದು

ಕಳೆದ ವಾರ ಒಂದು ದಿನ ಹಾಲಿನವನು ಬರಲಿಲ್ಲ. ಮನೆಯವಳು ಅಂಗಡಿಯಿಂದ ಹಾಲಿನ ಪುಡಿ ತರಿಸಿ ಬಿಸಿ ನೀರಿಗೆ ಸುರಿದಳು. ಆ ವಾಸನೆ... ಸ್ವಲ್ಪ ಸಿಹಿ, ಸ್ವಲ್ಪ ಕಮಟು... ನಡುಮನೆಯವರೆಗೂ ಬಂತು. ಓದುತ್ತಿದ್ದ ಪೇಪರು ಮಡಚಿಟ್ಟೆ. ಮಿಡಿಗೇಶಿ ಕಡೆಯ ನಮ್ಮ ಶಾಲೆಯ ಅಡುಗೆಯಮ್ಮ ಎದುರಿಗೆ ಬಂದು ನಿಂತಂತಾಯಿತು. ಕಾಫಿ ಬೇಡ ಅಂದೆ. ಯಾಕೆಂದು ಮನೆಯವಳು ಕೇಳಲಿಲ್ಲ, ನಾನೂ ಹೇಳಲಿಲ್ಲ. ಇಲ್ಲಿ ಹೇಳುತ್ತಿದ್ದೇನೆ.

ಆ ಶಾಲೆಯಲ್ಲಿ ನಾನು ಇಪ್ಪತ್ತು ವರ್ಷ ಇದ್ದೆ. ಬಿಸಿಯೂಟ ಶುರುವಾದ ವರ್ಷ ಆಕೆ ಅಡುಗೆಗೆ ಸೇರಿದಳು. ಗಂಡ ತೀರಿಕೊಂಡಿದ್ದ, ಒಬ್ಬಳೇ ಮಗಳು. ಎರಡು ಮೈಲಿ ದೂರದ ಹಟ್ಟಿಯಿಂದ ನಡೆದು ಬಂದು, ಮಕ್ಕಳ ಪ್ರಾರ್ಥನೆ ಮುಗಿಯುವ ಹೊತ್ತಿಗೆ ಒಲೆ ಹಚ್ಚಿರುತ್ತಿದ್ದಳು. ಆಮೇಲೆ ಮಕ್ಕಳಿಗೆ ಕುಡಿಸಲು ಹಾಲಿನ ಪುಡಿ ಬಂದಾಗ, ಒಂದು ಗಂಟೂ ಇಲ್ಲದಂತೆ ಕದಡುವುದನ್ನು ಯಾರೂ ಕಲಿಸದೆ ಕಲಿತಳು. ಬಡಿಸುವಾಗ ಸಾಲಿನ ಕೊನೆಯಲ್ಲಿ ಕೂತವರಿಂದ ಶುರು ಮಾಡುತ್ತಿದ್ದಳು. ಮುಂದೆ ಕೂರುವ ಮಕ್ಕಳಿಗೆ ಮನೆಯಲ್ಲೂ ಊಟ ಇರುತ್ತದೆ ಎನ್ನುವುದು ಆಕೆಯ ಲೆಕ್ಕಾಚಾರ. ಅದು ಬಹುಮಟ್ಟಿಗೆ ನಿಜವೂ ಆಗಿತ್ತು.

ಸೇರಿಸಿಕೊಳ್ಳುವಾಗ ಅರ್ಜಿ ತುಂಬಿದವನು ನಾನೇ. ಹುಟ್ಟಿದ ತಾರೀಖು ಕೇಳಿದೆ.

"ನಂಗೆಂಗೆ ಗೊತ್ತಾಯ್ತದೆ ಸಾ? ನಮ್ಮೂರ್ ಕೆರೆ ಕೋಡಿ ಬಿದ್ದ ವರ್ಸ ನಾನು ತೊಟ್ಲಾಗಿದ್ನಂತೆ," ಎಂದಳು.

ಕೆರೆ ಕೋಡಿ ಬಿದ್ದದ್ದು ಯಾವಾಗ ಎಂದು ಊರಿನ ಯಾವ ಹಿರಿಯರನ್ನು ಕೇಳಿದ್ದರೂ ಹೇಳುತ್ತಿದ್ದರು. ನಾನು ಕೇಳಲಿಲ್ಲ. ಅಷ್ಟರಲ್ಲಿ ಗಂಟೆ ಹೊಡೆದಿತ್ತು. ಕಿವಿಯ ಪಕ್ಕ ನರೆತ ಕೂದಲು ನೋಡಿ, ನಲವತ್ತೆರಡು ಇರಬಹುದೆಂದು ಲೆಕ್ಕ ಹಾಕಿ, ಜೂನ್ ಒಂದು ಎಂದು ಗೀಚಿದೆ. ನಮ್ಮ ಕಡೆಯ ಅರ್ಧ ಊರು ಮೇಷ್ಟರ ದಯೆಯಿಂದ ಜೂನ್ ಒಂದನೇ ತಾರೀಖಿನಂದೇ ಹುಟ್ಟಿದೆ. ಆಮೇಲೆ ಆಧಾರ್ ಕಾರ್ಡಿಗೂ ಶಾಲೆಯ ದಾಖಲೆಯೇ ಆಧಾರವಾಯಿತು. ನಾನು ಗೀಚಿದ್ದೇ ಆಕೆಯ ಜನ್ಮದಿನವಾಗಿ ನಿಂತಿತು.

ಆಕೆಗೆ ಸರ್ಕಾರ ಕೊಡುತ್ತಿದ್ದುದಕ್ಕೆ ಸಂಬಳವೆಂದು ಹೆಸರಿರಲಿಲ್ಲ. ಗೌರವಧನ. ಸಂಬಳವೆಂದರೆ ಹಕ್ಕಾಗುತ್ತದೆ, ಗೌರವಧನವೆಂದರೆ ಯಾರೋ ದೊಡ್ಡ ಮನಸ್ಸು ಮಾಡಿ ಕೊಟ್ಟಂತೆ ಇರುತ್ತದೆ. ಆ ಯಾರೋ ನಾನೇ ಎಂದು ಆಕೆ ನಂಬಿದ್ದಳು. ನಂಬಿಸಿದವನೂ ನಾನೇ.

ಫೆಬ್ರವರಿ ಬಂದರೆ ಮೇಷ್ಟರುಗಳ ಮುಖ ಹರಳೆಣ್ಣೆ ಕುಡಿದ ಹಾಗಿರುತ್ತದೆ. ಆದಾಯ ತೆರಿಗೆಯೆಲ್ಲ ಒಟ್ಟಿಗೆ ಕಡಿಯುವ ತಿಂಗಳು ಅದು. ಅಂಥ ಒಂದು ಮಧ್ಯಾಹ್ನ, ಆಕೆ ಬೇಯಿಸಿದ ಅನ್ನ ಸಾರು ಕಲಸಿಕೊಳ್ಳುತ್ತಾ, ನಾನು ಎಲ್ಲರಿಗಿಂತ ಜೋರಾಗಿ ಗೊಣಗುತ್ತಿದ್ದೆ. ನಮ್ಮ ದುಡಿಮೆ ಕಡಿದು ಕಂಡವರಿಗೆಲ್ಲ ಹಂಚುತ್ತಾರೆ, ಬಿಸಿಯೂಟವಂತೆ, ಗೌರವಧನವಂತೆ, ಕೊಟ್ಟವನು ಕೋಡಂಗಿ ಇಸಕೊಂಡವನು ಈರಭದ್ರ ಎಂದೆ. ಆಕೆ ಮಜ್ಜಿಗೆಯ ಚೆಂಬು ಹಿಡಿದು ಬಾಗಿಲಲ್ಲಿ ನಿಂತಿದ್ದಳು.

ಸಂಜೆ ಕೋಣೆಗೆ ಬೀಗ ಹಾಕುವಾಗ ಹತ್ತಿರ ಬಂದಳು. "ಸಾ, ನಮಗೆ ಬರೋ ದುಡ್ಡು ನಿಮ್ ಸಂಬ್ಳದಾಗೆ ಕಡ್ದು ಕೊಡದಂತೆ. ದಿಟವಾ?"

"ಮತ್ತೆ? ಸರ್ಕಾರಕ್ಕೆ ದುಡ್ಡೇನು ಗಿಡದಲ್ಲಿ ಬಿಡುತ್ತಾ ಕಣಮ್ಮ?" ಎಂದು ನಕ್ಕೆ.

ಆಕೆ ನಗಲಿಲ್ಲ. ಮಾರನೆಯ ವಾರದಿಂದ ನನ್ನ ಮೇಜಿನ ಮೇಲೆ ಏನಾದರೊಂದು ಬರತೊಡಗಿತು. ಒಂದು ಸೇರು ಕಡಲೆಕಾಯಿ, ಸೊಗಡಿನ ಅವರೆಕಾಯಿ, ಹುರುಳಿ. ಹಟ್ಟಿಯ ಪಕ್ಕದಲ್ಲಿ ಆಕೆಗಿದ್ದದ್ದು ಅಂಗೈಯಗಲ ಜಮೀನು. ಬೇಡ ಎಂದು ಒಂದು ಸಲ ಅಂದೆ. ಎರಡನೆಯ ಸಲ ನಾನೇ ಮನೆಯಿಂದ ಚೀಲ ಒಯ್ದಿದ್ದೆ.

ತಿಳಿಸಿ ಹೇಳಲು ಐದು ನಿಮಿಷ ಸಾಕಿತ್ತು. ಹೆಚ್ಚು ದುಡಿಯುವವರಿಂದ ಹೆಚ್ಚು ತೆರಿಗೆ ಎತ್ತಿ, ಕಡಿಮೆ ಕೂಲಿಯವರ ಕೈಗೆ ಒಂದಿಷ್ಟು ಸೇರಿಸುವುದು ಸರ್ಕಾರದ ಕೆಲಸ, ಅದು ಆಕೆಯ ಬೆವರಿನದೇ ದುಡ್ಡು, ಯಾರ ಋಣವೂ ಅಲ್ಲ... ಮಕ್ಕಳಿಗೆ ಇದನ್ನೇ ಪಾಠ ಮಾಡುತ್ತಿದ್ದವನು ನಾನು. ನನ್ನ ತೆರಿಗೆಯಿಂದ ರಸ್ತೆಗೆ ಟಾರು ಬಿದ್ದಿರಬಹುದು, ಸಾಹೇಬರ ಜೀಪಿಗೆ ಡೀಸೆಲ್ ಬಿದ್ದಿರಬಹುದು. ಅವರ್ಯಾರೂ ನನಗೆ ಕಡಲೆಕಾಯಿ ತಂದುಕೊಡಲಿಲ್ಲ. ದಾನಿಯೆಂದು ಕೈಮುಗಿಯುವವಳು ಒಬ್ಬಳಾದರೂ ಇರಲಿ ಎಂದು ಸುಮ್ಮನಿದ್ದೆ.

ಒಂದು ವರ್ಷ ಮಧುಗಿರಿ, ಪಾವಗಡ, ಸಿರಾ ತಾಲ್ಲೂಕುಗಳ ಅಡುಗೆಯವರೆಲ್ಲ ಬಸ್ಸು ಮಾಡಿಕೊಂಡು ಬೆಂಗಳೂರಿಗೆ ಧರಣಿಗೆ ಹೋದರು. ದೊಡ್ಡ ವರಮಾನದವರಿಗೆ ತೆರಿಗೆ ಏರಿಸಿ, ತಮಗೆ ಬದುಕುವಷ್ಟು ಕೂಲಿ ಕೊಡಿ ಎನ್ನುವುದು ಅವರ ಬೇಡಿಕೆ. ನಮ್ಮ ಅಡುಗೆಯಮ್ಮ ಹೋಗಲಿಲ್ಲ. ಯಾಕಮ್ಮ ಎಂದು ಕೇಳಿದೆ.

"ಉಂಡ ಮನೆಗೆ ಎಲ್ಡು ಬಗೀಬಾರ್ದು ಸಾ. ನಿಮ್ದ್ರಾಗೆ ಇನ್ನೂ ಕಡೀರಿ ಅಂತ ನಾನೆಂಗೆ ಕೂಗ್ಲಿ?"

ಉಂಡ ಮನೆ! ಅಷ್ಟು ವರ್ಷ ಆಕೆಯ ಕೈಯಡುಗೆ ಉಂಡವನು ನಾನು. ಆಗಲೂ ಬಾಯಿ ಬಿಡಲಿಲ್ಲ.

ಕೆಲವು ವರ್ಷಗಳ ಮೇಲೆ ತಾಲ್ಲೂಕಿನಿಂದ ಪತ್ರ ಬಂತು. ಅರವತ್ತು ತುಂಬಿದ ಅಡುಗೆಯವರನ್ನು ಬಿಡಿಸಬೇಕು. ಪಿಂಚಣಿಯಿಲ್ಲ, ಏನೂ ಇಲ್ಲ. ನನ್ನ ಜೂನ್ ಒಂದರ ಪ್ರಕಾರ ಆಕೆಗೆ ಅರವತ್ತಾಗಿತ್ತು. ಪತ್ರ ಓದಿ ಹೇಳಿದಾಗ ಆಕೆ ಕೈಯಲ್ಲಿದ್ದ ಸೌಟನ್ನು ಪಾತ್ರೆಯ ಮೇಲಿಟ್ಟಳು.

"ನಮ್ ಚಿಕ್ಕಪ್ಪನ್ ಮಗಳು, ನಾನು, ಒಂದೇ ವಾರದಾಗೆ ಹುಟ್ಟಿದ್ದಂತೆ ಸಾ. ಅವ್ಳು ಸ್ಕೂಲಿಗ್ ಹೋಗಿದ್ಲು. ಅಂಗನವಾಡಿಯಾಗವ್ಳೆ. ಅವ್ಳಿಗೆ ಅರವತ್ತಾಗಕ್ಕೆ ಇನ್ನೂ ಆರು ವರ್ಸ ಐತೆ," ಎಂದಳು.

ದೂರುವ ದನಿ ಇರಲಿಲ್ಲ. ನೋಡೋಣ ಬಿಡಮ್ಮ ಎಂದೆ. ಆ ತಾರೀಖು ನಾನೇ ಅಂದಾಜಿನಲ್ಲಿ ಬರೆದದ್ದು ಎಂದು ನಾನೊಂದು ಪತ್ರ ಬರೆದಿದ್ದರೆ ಆರು ವರ್ಷದ ಅನ್ನ ಉಳಿಯುತ್ತಿತ್ತೋ ಏನೋ. ಆದರೆ ನನಗೆ ನಿವೃತ್ತಿಗೆ ಒಂದೇ ವರ್ಷವಿತ್ತು. ಪಿಂಚಣಿ ಕಾಗದ ಹೊರಟಿದ್ದ ಹೊತ್ತು. ಸುಳ್ಳು ದಾಖಲೆ ಬರೆದವನೆಂದು ವಿಚಾರಣೆ ಹಾಕಿದರೆ? ನನಗೆ ಭಯವಾಯಿತು. ನನ್ನ ಪಿಂಚಣಿಯ ಭಯ, ಆಕೆಯ ಊಟದ ಚಿಂತೆಯಲ್ಲ. ಎರಡು ವಾರ ಆಕೆಯ ಕಣ್ಣು ತಪ್ಪಿಸಿ ಓಡಾಡಿದೆ.

ಕೊನೆಗೆ ಆಕೆಯೇ ಬಂದು ಬಿಡುಗಡೆ ಮಾಡಿದಳು. ನನ್ನನ್ನು.

"ಸಾಕು ಬುಡಿ ಸಾ. ಇನ್ನೂ ಎಷ್ಟ್ ವರ್ಸ ಅಂತ ನಿಮ್ ಸಂಬ್ಳ ಕಡಿಸ್ಲಿ? ನಿಮಗೂ ಮಕ್ಳು ಮರಿ ಅವೆ."

ಹೆಬ್ಬೆಟ್ಟು ಒತ್ತಿದಳು. ಇಂಕಿನ ಬೆರಳನ್ನು ಸೆರಗಿಗೆ ಒರೆಸಿಕೊಂಡು, ಹೊಗೆ ಹಿಡಿದ ಪಾತ್ರೆಗಳನ್ನೆಲ್ಲ ಬೂದಿ ಹಾಕಿ ತಿಕ್ಕಿ ಬೋರಲು ಹಾಕಿ ಹೋದಳು.

ಆಮೇಲೆ ಹುಣಸೆಹಣ್ಣು ಕುಟ್ಟುವ ಕೂಲಿಗೆ ಹೋಗುತ್ತಿದ್ದಾಳೆಂದು ಕೇಳಿದೆ. ಕಾಗದದಲ್ಲಿ ಅರವತ್ತು ದಾಟಿದವಳಿಗೆ ಕೂಲಿಗೆ ಯಾವ ಅಡ್ಡಿಯೂ ಇರಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಕೂತು ಬೀಜ ಬಿಡಿಸುವ ಕೆಲಸ. ಒಂದು ಸಲ ಮಧುಗಿರಿ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ್ದಳು. ಬೆರಳ ಸಂದೆಲ್ಲ ಹುಳಿಗೆ ಬಿರಿದಿತ್ತು. ಚೆನ್ನಾಗಿದ್ದೀಯಾ ಎಂದೆ. ಇವ್ನಿ ಸಾ ಎಂದಳು. ನನ್ನ ಬಸ್ಸು ಬಂತು... ಅಷ್ಟೇ, ಆಮೇಲೆ ನೋಡಲಿಲ್ಲ.

ಹೋದ ವರ್ಷ ತೀರಿಕೊಂಡಳು. ಜ್ವರ ಬಂದು ಮಲಗಿದವಳು ಏಳಲಿಲ್ಲವಂತೆ. ಹನ್ನೊಂದನೆಯ ದಿನ ಹಟ್ಟಿಗೆ ಹೋದೆ. ಮಗಳು ನೆಂಟರ ನಡುವಿನಿಂದ ಎದ್ದು ಬಂದು, "ನಮ್ಮವ್ವುಂಗೆ ಸಂಬ್ಳ ಕೊಡ್ತಿದ್ದ ಮೇಷ್ಟ್ರು ಇವ್ರೇ ಕಣಪ್ಪ," ಎಂದು ಎಲ್ಲರಿಗೂ ತೋರಿಸಿದಳು. ಜಗಲಿಯ ಮೇಲೆ ಕುರ್ಚಿ ಹಾಕಿದರು. ವಯಸ್ಸಾದವರೊಬ್ಬರು ಎದ್ದು ನಿಂತು ಕೈಮುಗಿದರು. ಹೇಳಿಬಿಡಬೇಕೆಂದು ಬಾಯಿ ತೆರೆದೆ. ನೀರು ಕೇಳಿದೆ.

ಈಗ ಅದೇ ಶಾಲೆಯಲ್ಲಿ ಮಗಳು ಅಡುಗೆ ಮಾಡುತ್ತಾಳೆ. ಗೌರವಧನ ಬಂದಾಗಲೆಲ್ಲ ನನಗೆ ಫೋನ್ ಮಾಡುತ್ತಾಳೆ. ದನಿ ಥೇಟ್ ಅವರವ್ವನದು. ಆಕೆ ಬದುಕಿದ್ದರೆ ಒಂದು ದಿನವಾದರೂ ನಿಜ ಹೇಳುತ್ತಿದ್ದೆ, ಕಾಲು ಹಿಡಿದಾದರೂ ಹೇಳುತ್ತಿದ್ದೆ ಎಂದು ಅಂದುಕೊಳ್ಳುತ್ತೇನೆ. ಹದಿನೆಂಟು ವರ್ಷ ಎದುರಿಗಿದ್ದಾಗ ಹೇಳದವನು ಯಾವಾಗ ಹೇಳುತ್ತಿದ್ದೆ? ಇನ್ನು ಕೇಳಿಸಿಕೊಳ್ಳಲು ಆಕೆಯಿಲ್ಲ.

ನಿನ್ನೆಯೂ ಫೋನ್ ಬಂತು. "ಎಲ್ಡ್ ತಿಂಗ್ಳುದು ಒಟ್ಟಿಗೇ ಬಂತು ಸಾ. ರಿಟೇರ್ ಆದ್ಮೇಲೂ ನಿಮ್ದ್ರಾಗೆ ಕಡೀತಾರಾ?"

"ಕಡೀತಾರೆ ಕಣಮ್ಮ," ಎಂದೆ.