ನಾಲಾ ಉಳಿಸುವ ಸಭೆಯಲ್ಲಿ ಶಾಲು ಹೊದಿಸಿದೆವು

ನಾಲಾ ಉಳಿಸಲು ಕರೆದ ಸಭೆಯಲ್ಲಿ ಮೊದಲು ಆದದ್ದು ಪ್ರಾರ್ಥನೆ.

ಆಮೇಲೆ ಸ್ವಾಗತ. ಆಮೇಲೆ ಪ್ರಾಸ್ತಾವಿಕ ನುಡಿ. ಆಮೇಲೆ ದೀಪ ಬೆಳಗಿಸಲು ಕಡ್ಡಿಪೆಟ್ಟಿಗೆಯ ಹುಡುಕಾಟ...

ಧಾರವಾಡದ ನಮ್ಮ ಬಡಾವಣೆ ಇಳಿಜಾರಿನಲ್ಲಿದೆ. ಮೇಲಿನ ಓಣಿಗಳ ಮಳೆನೀರೆಲ್ಲ ತುದಿಯ ನಾಲಾಕ್ಕೆ ಇಳಿಯುತ್ತದೆ. ಆ ನಾಲಾವನ್ನು ಪೈಪಿನೊಳಗೆ ತುರುಕಿ, ಮೇಲೆ ಮಣ್ಣು ಸುರಿದು, ಮೂರು ಬ್ಲಾಕಿನ ಅಪಾರ್ಟ್‌ಮೆಂಟ್ ಕಟ್ಟುವ ಪ್ಲ್ಯಾನ್.

ಮಂಜೂರಾತಿಗೆ ಮುಂಚೆ ನಮ್ಮ ತಕರಾರು ಕೇಳಲು ಪಾಲಿಕೆಯ ಒಬ್ಬ ಅಧಿಕಾರಿ ಬರುತ್ತಾರೆ ಎಂದು ಗೊತ್ತಾಯಿತು. ಜೊತೆಗೆ ಬಿಲ್ಡರ್ ಕೂಡ.

ನಾಲಾಕ್ಕೆ ಅಂಟಿದ ಕೊನೆಯ ಮನೆ ಶಾಂತಕ್ಕನದು. ಮನೆಯಲ್ಲೇ ಖಡಕ್ ರೊಟ್ಟಿ ಬಡಿದು ಅಂಗಡಿಗಳಿಗೆ ಕೊಡುತ್ತಾಳೆ. ನಾಲಾ ಮುಚ್ಚಿದರೆ ನೀರು ಮೊದಲು ನುಗ್ಗುವುದು ಅವಳ ಒಲೆಗೆ.

ಹಾಗಾಗಿ ಅವಳೇ ಮಾತನಾಡಬೇಕು ಎಂದು ಎಲ್ಲರೂ ಒಪ್ಪಿದ್ದೆವು. ಆದರೆ ಮುಖ್ಯ ಮಾತು ಕೊನೆಗಿದ್ದರೇ ಶೋಭೆ ಎಂದು ಬಡಾವಣೆ ಸಂಘದ ಅಧ್ಯಕ್ಷರಾದ ನಿವೃತ್ತ ಹೆಡ್‌ಮಾಸ್ತರ ಹಿರೇಮಠ ಸರ್ ಅವಳ ಹೆಸರನ್ನು ಕಡೆಗಿಟ್ಟರು.

ಸಮುದಾಯ ಭವನದ ಬಾಗಿಲಲ್ಲಿ ಅವರ ಕೈಯಲ್ಲಿದ್ದ ಶಾಲುಗಳ ಚೀಲ ನೋಡಿ ನನ್ನ ನೆತ್ತಿ ಕಾದಿತು.

“ಸರ್, ಇದು ಸತ್ಕಾರ ಸಮಾರಂಭ ಅಲ್ರಿ. ವಿರೋಧ ಮಾಡಾಕ ಕೂಡೇವಿ.”

“ಮಾಡೂಣಪಾ, ಯಾರ ಬ್ಯಾಡ ಅಂದ್ರು? ಆದ್ರ ಕರಿಸಿಕೊಂಡು ಬೈಯೂದು ನಮ್ಮ ಪದ್ಧತಿ ಅಲ್ಲ. ಮೊದಲ ಮರ್ಯಾದಿ, ಆಮ್ಯಾಲೆ ಮಾತು.”

ಅಧಿಕಾರಿಗೆ ಶಾಲು, ಹಾರ, ಒಂದು ಪುಸ್ತಕ. ಬಿಲ್ಡರ್ ಕೂಡ ವೇದಿಕೆಯ ಮೇಲೆ ಕುಳಿತಿದ್ದ. ಒಬ್ಬರಿಗೆ ಹೊದಿಸಿ ಇನ್ನೊಬ್ಬರನ್ನು ಬಿಟ್ಟರೆ ಹೇಗೆ? ಅವನಿಗೂ ಹೊದಿಸಿದೆವು!

ಅವನು ಮೈಕ್ ಹಿಡಿದು ಧಾರವಾಡದ ಸಂಸ್ಕೃತಿ, ಪೇಡೆ, ಇಲ್ಲಿನ ಜನರ ದೊಡ್ಡ ಮನಸ್ಸು ಎಂದೆಲ್ಲ ಹೊಗಳಿದ. ನಮ್ಮವರು ಚಪ್ಪಾಳೆ ತಟ್ಟಿದರು. ನಿವೃತ್ತ ಬ್ಯಾಂಕ್ ಮ್ಯಾನೇಜರ್ ಒಬ್ಬರು ತಾವೇ ಬರೆದ ಚುಟುಕು ಓದಿದರು. ಇನ್ನೊಂದು ಬಾರಿ ಚಪ್ಪಾಳೆ.

ಶಾಂತಕ್ಕ ಮುಂದಿನ ಸಾಲಿನ ತುದಿಯಲ್ಲಿ, ಇಳಕಲ್ ಸೀರೆಯುಟ್ಟು, ಖುರ್ಚಿಯ ಅಂಚಿಗೆ ಕುಳಿತಿದ್ದಾಳೆ. ಪ್ರತಿ ಹೆಸರು ಕರೆದಾಗಲೂ ಅರ್ಧ ಏಳುತ್ತಾಳೆ... ಮತ್ತೆ ಕೂರುತ್ತಾಳೆ.

ಅಧಿಕಾರಿ ಗಡಿಯಾರ ನೋಡಿದರು. ನಾನು ಎದ್ದು ಕೂಗಿದೆ. “ಶಾಂತಕ್ಕಗ ಮೈಕ್ ಕೊಡ್ರಿ! ನಾಲಾ ಮುಚ್ಚಾಕ ಬಿಡೂದಿಲ್ಲ!”

ಬೀದಿಯಲ್ಲಿ ಘೋಷಣೆ ಕೂಗಿ ಬೆಳೆದವನು ನಾನು. ಒಂದು ದನಿ ಎದ್ದರೆ ನೂರು ದನಿ ಸೇರುವುದನ್ನು ಕಂಡವನು. ಅವತ್ತು ಒಂದೂ ಸೇರಲಿಲ್ಲ. ಮದುವೆ ಮಂಟಪದಲ್ಲಿ ಅಪಶಕುನ ನುಡಿದವನನ್ನು ನೋಡುವಂತೆ ಇಡೀ ಸಭೆ ನನ್ನತ್ತ ತಿರುಗಿತು.

“ಕುಂಡ್ರಪಾ, ವೇದಿಕಿ ಮ್ಯಾಲೆ ದೊಡ್ಡವರದಾರ,” ಎಂದರು ಹಿರೇಮಠ ಸರ್.

ಅಷ್ಟರಲ್ಲಿ ಅಧಿಕಾರಿಗೆ ಫೋನ್ ಬಂತು. “ನಿಮ್ಮ ಪ್ರೀತಿ ಮರಿಯಂಗಿಲ್ರಿ” ಎಂದು ಕೈಮುಗಿದು, ಶಾಲು ಹೊದ್ದುಕೊಂಡೇ ಕಾರು ಹತ್ತಿದರು.

“ಸರ್, ನನ್ನ ಪಾಳಿ ಯಾವಾಗರಿ?” ಶಾಂತಕ್ಕ ಕೇಳಿದಳು.

ವಂದನಾರ್ಪಣೆ ನಡೆದಿತ್ತು.

ಆಮೇಲೆ ನಾವು ಕಚೇರಿ ಕಚೇರಿ ಅಲೆದೆವು, ಬರೆದು ಕೊಟ್ಟೆವು, ಧರಣಿ ಕುಳಿತೆವು. ಪ್ರತಿ ಬಾಗಿಲಲ್ಲೂ ಒಂದೇ ಮಾತು. ಸಭೆಯ ವರದಿಯಲ್ಲಿ ನಿಮ್ಮ ಒಂದೂ ತಕರಾರು ಇಲ್ಲವಲ್ಲ, ಸನ್ಮಾನದ ಫೋಟೋ ಪೇಪರಿನಲ್ಲೂ ಬಂದಿದೆಯಲ್ಲ!

ನಮ್ಮಲ್ಲಿ ಯಾರೂ ಮಾರಿಕೊಂಡಿರಲಿಲ್ಲ. ಅದೇ ನನಗೆ ಇವತ್ತಿಗೂ ಚುಚ್ಚುವುದು. ಮಾರಿಕೊಂಡಿದ್ದರೆ ಬೈಯಲು ಒಬ್ಬನಾದರೂ ಸಿಗುತ್ತಿದ್ದ. ನಾವು ಬರೀ ಒಳ್ಳೆಯವರಾಗಿದ್ದೆವು. ನಮ್ಮ ಒಳ್ಳೆಯತನದ ಖರ್ಚು ಶಾಂತಕ್ಕನ ಮೇಲೆ ಬಿತ್ತು.

ಮಂಜೂರಾತಿ ಸಿಕ್ಕಿತು, ನಾಲಾ ಪೈಪಿನೊಳಗೆ ಹೋಯಿತು. ಈ ಸಲದ ಮೊದಲ ದೊಡ್ಡ ಮಳೆಗೆ ಆ ಪೈಪು ಕಟ್ಟಿಕೊಂಡಿತು. ನೀರು ಅವಳ ಮನೆಗೆ ನುಗ್ಗಿತು.

ನಾನು ಓಡಿ ಹೋದಾಗ ಹಿರೇಮಠ ಸರ್ ಆಗಲೇ ಧೋತರ ಎತ್ತಿ ಕಟ್ಟಿಕೊಂಡು ಬಕೆಟ್‌ನಿಂದ ನೀರು ಮೊಗೆದು ಹೊರಗೆ ಚೆಲ್ಲುತ್ತಿದ್ದರು. ಹಿಟ್ಟಿನ ಚೀಲ ಉಬ್ಬಿ ಒಡೆದಿತ್ತು. ಬಡಿದಿಟ್ಟ ರೊಟ್ಟಿಗಳೆಲ್ಲ ಕರಗಿ ರಾಡಿಯಲ್ಲಿ ಬೆರೆತಿದ್ದವು.

ಸರ್ ಬಕೆಟ್ ಕೆಳಗಿಟ್ಟರು. “ಶಾಂತವ್ವಾ... ಅವತ್ತ ಮೊದಲ ನಿನಗ ಮಾತಾಡಾಕ ಬಿಡಬೇಕಿತ್ತವ್ವಾ.”

ಅವಳು ಕಸಬರಿಗೆಯಿಂದ ನೀರು ನೂಕುವುದನ್ನು ನಿಲ್ಲಿಸಲಿಲ್ಲ.

“ಈಗ ಮಾತಾಡ್ಲೇನ್ರಿ ಸರ್? ಮೈಕ್ ತಂದೀರೇನು?”

ನಿಮ್ಮ ಓಣಿಯಲ್ಲೂ ನಾಳೆ ಇಂಥ ಸಭೆ ನಡೆಯುತ್ತದೆ... ಮೊದಲು ಮೈಕ್ ಯಾರ ಕೈಗೆ ಕೊಡುತ್ತೀರಿ?