ಬಾವಿಯ ಪಕ್ಕದ ಸುಣ್ಣದ ಗೆರೆ

ನನ್ನ ಅತ್ತೆ ಅಕ್ಕಾತಾಯಿ ಖಾನಾಪುರದಿಂದ ಹಿಂಡಲಗಾದ ಈ ಮನೆಗೆ ಸೊಸೆಯಾಗಿ ಬಂದ ಹೊಸತರಲ್ಲಿ, ಹಿತ್ತಲ ಬಾವಿಯ ನೀರನ್ನು ಬಟ್ಟೆಯಲ್ಲಿ ಸೋಸಿ ಮುನಿಗಳಿಗೆ ಆಹಾರ ಮಾಡುತ್ತಿದ್ದರಂತೆ. ದಿಗಂಬರ ಮುನಿಗಳ ಅಡುಗೆಗೆ ನಳದ ನೀರು ನಡೆಯುವುದಿಲ್ಲ, ಬಾವಿಯದೇ ಆಗಬೇಕು. ಆಮೇಲೆ ಮಾವ ಹಿತ್ತಲಲ್ಲೇ ಪಾಯಖಾನೆ ಕಟ್ಟಿಸಿ, ಬಾವಿಯ ಹತ್ತಿರ ಸೆಪ್ಟಿಕ್ ಟ್ಯಾಂಕ್ ಮಾಡಿಸಿದರು. ಒಂದು ಮಳೆಗಾಲ ಟ್ಯಾಂಕು ಉಕ್ಕಿತು, ಬಾವಿ ನಾರಿತು. ಅಂದಿನಿಂದ ಊರಿಗೆ ಮುನಿಗಳು ಬಂದಾಗಲೆಲ್ಲ ಅತ್ತೆ ಬೇರೆಯವರ ಮನೆಗೆ ಹೋಗಿ ರೊಟ್ಟಿ ತಟ್ಟಿ ಬರುತ್ತಾರೆ. ಕೈ ಅವರದು, ಬಾವಿ ಇನ್ನೊಬ್ಬರದು.

ಹಾಗಾಗಿ ನಮ್ಮ ಓಣಿಗೆ ಒಳಚರಂಡಿ ಬರುತ್ತದೆ ಎಂದಾಗ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಕುಣಿದವರು ಅವರೇ. ಜೆಸಿಬಿ ಬಂದ ದಿನ ನನ್ನ ಮಗಳು ಪ್ರಾಚಿಯನ್ನು ಎತ್ತಿಕೊಂಡು, ಮದುವೆ ಮೆರವಣಿಗೆ ನೋಡುವವರ ಹಾಗೆ ಗೇಟಿನಲ್ಲಿ ನಿಂತಿದ್ದರು!

ಇವತ್ತು ಮನೆಯ ಪೈಪನ್ನು ರಸ್ತೆಯ ಒಳಚರಂಡಿ ಚೇಂಬರಿಗೆ ಜೋಡಿಸುವ ದಿನ. ಪ್ಲಂಬರ್ ಸಾತಪ್ಪ ಬಂದವನೇ ಬಾವಿಯ ಪಕ್ಕ ಸುಣ್ಣದ ಗೆರೆ ಎಳೆದ.

"ಅಲ್ಲಿ ಬ್ಯಾಡೋ ಯಪ್ಪಾ!" ಎಂದು ಅತ್ತೆ ಓಡಿದರು.

"ಇದ ಸೀದಾ ದಾರಿ ಐತ್ರಿ ಅಕ್ಕಾರ."

"ನಾಳೆ ಪೈಪ ಸೋರಿದ್ರ? ಮತ್ತ ನನ್ನ ಬಾವಿ ಕೆಡಸ್ತೀ ಏನ?"

"ಹಂಗಾರ ಆ ಬಾಜೂಕ ಒಯ್ಯಬೇಕ್ರಿ. ನಿಮ್ಮ ಅಡಗಿಮನಿ ಅಡ್ಡ ಬರತೈತಿ. ನೆಲದ ಫರಸಿ ಕಿತ್ತು, ಕೆಳಗಿಂದ ಪೈಪ ಹಾಯಿಸಬೇಕು."

ಸ್ನಾನವಿಲ್ಲದೆ ನಾನೇ ಕಾಲಿಡುವಂತಿಲ್ಲದ ಅಡುಗೆಮನೆ ಅದು. ಅದರ ಕೆಳಗೆ ಪಾಯಖಾನೆಯ ಪೈಪೇ? ಅಂಥ ಕಡೆ ಮುನಿಗಳಿಗೆ ಅಡುಗೆ ಮಾಡುವುದುಂಟೇ? ಅತ್ತೆ ಬಾವಿ ನೋಡಿದರು, ಅಡುಗೆಮನೆ ನೋಡಿದರು. ನನ್ನ ಕಡೆ ತಿರುಗಿದರು.

"ಮಯೂರಿ, ಒಲಿ ನನ್ನ ಖೋಲಿಗೆ ಒಯ್ಯೂಣು. ಬಾವಿ ಎತ್ತಿ ಒಯ್ಯಾಕ ಬರತೈತೇನ?"

"ಮತ್ತ ನೀವೆಲ್ಲಿ ಮಲಗ್ತೀರಿ ಅತ್ಯಾರ?"

"ನಿನ್ನ ಮಗಳ ಬಾಜೂಕ. ಗೊರಕಿ ಹೊಡೀತಾಳ, ಹೊಡೀಲಿ."

ಡಬ್ಬಿಗಳು, ಪಾತ್ರೆಗಳು, ಗ್ಯಾಸ್ ಎಲ್ಲ ಅವರ ಕೋಣೆಗೆ ಹೋದವು. ನಾನು ಸಾಗಿಸಿದ್ದಕ್ಕಿಂತ ಹೆಚ್ಚು ಪ್ರಾಚಿ ಚೆಲ್ಲಿದಳು. ಸಂಜೆಗೆ ಪೈಪು ಕೂಡಿತು. ನಾನು ಒಳಗೆ ಬಕೆಟ್ ನೀರು ಸುರಿದೆ. ಅತ್ತೆ ಹೊರಗೆ ಸೊಂಟಕ್ಕೆ ಸೆರಗು ಸಿಕ್ಕಿಸಿ ಚೇಂಬರಿನೊಳಗೆ ಬಗ್ಗಿದ್ದರು.

"ಬಂತ! ಬಂತ ನೋಡ್ರೋ!"

"ಹಿಂದ ಸರೀರಿ ಅಕ್ಕಾರ, ನೀವೂ ಅದರ ಜೋಡಿ ಹೋಗೀರಿ!" ಎಂದ ಸಾತಪ್ಪ.

ಹಳೆಯ ಟ್ಯಾಂಕ್ ಖಾಲಿ ಮಾಡಿಸಿ ಮುಚ್ಚಿಸಬೇಕು, ಬಾವಿಯ ಹೂಳು ತೆಗೆಸಬೇಕು, ನೀರಿನ ತಪಾಸಣೆ ಆಗುವವರೆಗೆ ಒಂದು ತಂಬಿಗೆಯನ್ನೂ ಒಲೆಗಿಡುವಂತಿಲ್ಲ ಎಂದು ನಾನು ಖಡಾಖಂಡಿತವಾಗಿ ಹೇಳಿದೆ.

"ಮಾಡಸವಾ, ಬೇಕಾದಷ್ಟ ಸಲ ಮಾಡಸು," ಎನ್ನುತ್ತಲೇ ಅತ್ತೆ ಖಾನಾಪುರದ ತಮ್ಮನಿಗೆ ಫೋನು ಹಚ್ಚಿದ್ದರು. ಓಣಿಗೆಲ್ಲ ಕೇಳುವ ಹಾಗೆ ಕೂಗಿದರು: "ಪದ್ಮಾಕರಾ! ಇನ್ನ ಮುನಿಗಳ ಆಹಾರ ನಮ್ಮ ಮನ್ಯಾಗೋ! ಬರೂಮುಂದ ಬಾವಿಗೊಂದ ಹೊಸಾ ಹಗ್ಗಾ ತಗೊಂಡ ಬಾ!"