ಅವ್ವನ ಸೀರೆಯ ಬಿಗಿ ಪಟ್ಟಿ

ಬೆಳಿಗ್ಗೆ ಟ್ರಂಕು ತೆಗೆದಾಗ ನುಸಿಗುಳಿಗೆಯ ವಾಸನೆಯೊಂದಿಗೆ ಅವ್ವ ನೇಯ್ದ ಸೀರೆ ಹೊರಬಂತು. ಮಗಳು ಇಂದು ಮುಂಡರಗಿಯ ಕಾಲೇಜಿನಲ್ಲಿ ಮೊದಲ ಪಾಠ ಮಾಡಬೇಕು. ಅಜ್ಜಿಯ ಸೀರೆಯನ್ನೇ ಉಡುತ್ತೇನೆಂದು ಹಟ ಹಿಡಿದಿದ್ದಳು.

“ಅವ್ವಾ, ಹೊಟ್ಟ್ಯಾಗ ಬಟರ್‌ಫ್ಲೈ ಹಾರಾಡಾಕತ್ತಾವ,” ಅಂದಳು.

ಇಂಗ್ಲಿಷಿನವರು ಹೆದರಿಕೆಗೂ ಬಣ್ಣದ ರೆಕ್ಕೆ ಕೊಟ್ಟಿದ್ದಾರೆ, ನೋಡಿ. ನಮ್ಮ ಕಾಲದಲ್ಲಿ ಹೊಟ್ಟೆಯೊಳಗೆ ಏನೇ ಓಡಾಡಿದರೂ ಅಪವಾದ ಹಿಂದಿನ ಸಂಜೆ ತಿಂದ ಮಿರ್ಚಿಗೆ ಬರುತ್ತಿತ್ತು. ನಾನು ಟೀಚರಾಗಿ ಮೊದಲ ಸಲ ಲಕ್ಷ್ಮೇಶ್ವರಕ್ಕೆ ಹೊರಟ ದಿನವೂ ಅಷ್ಟೇ. ಅಲ್ಲಿಯವರೆಗೆ ಒಬ್ಬಳೇ ಬಸ್ಸು ಹತ್ತಿದವಳಲ್ಲ. ಬೆಟಗೇರಿಯ ಈ ಮನೆಯಲ್ಲೇ ಅವ್ವ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಇದೇ ಸೀರೆ ನೇಯುತ್ತಿದ್ದಳು. ತಲೆ ಎತ್ತಲೂ ಇಲ್ಲ.

“ನಿನಗೇನೂ ಅನಸೂದಿಲ್ಲೇನಬೇ?” ಎಂದೆ.

“ಏನ ಅನಸ್ತೈತಿ? ಲಕ್ಷ್ಮೇಶ್ವರ ಏನ ಸಮುದ್ರದ ಆಚಿಕ ಐತೇನು? ಜಲ್ದಿ ಹೋಗು.”

ಬಸ್ಸಿನಲ್ಲಿ ದಾರಿಯುದ್ದಕ್ಕೂ ಮುಖ ಊದಿಸಿಕೊಂಡು ಕೂತಿದ್ದೆ.

ಮುಂದೆ ಆ ಸೀರೆಯನ್ನು, ನೇಯ್ದದ್ದನ್ನು ಕೊಳ್ಳುವ ಸಾಹುಕಾರರು ಬೆಳಕಿಗೆ ಹಿಡಿದು ನೋಡಿ ವಾಪಸು ಮಾಡಿದರು. ಅಂಗೈ ಅಗಲದ ಒಂದು ಪಟ್ಟಿ ಮಾತ್ರ ಉಳಿದದ್ದಕ್ಕಿಂತ ಬಿಗಿಯಾಗಿ, ಒರಟಾಗಿತ್ತು. ಎಳೆಯನ್ನು ಒತ್ತಿ ಕೂರಿಸುವ ಹಣಿಗೆಯನ್ನು ಜೋರಾಗಿ ಬಡಿದರೆ ಹಾಗಾಗುತ್ತದೆ. ಮನಸ್ಸು ನೆಟ್ಟಗಿಲ್ಲದಾಗ ಕೈ ಭಾರವಾಗುತ್ತದೆಂದು ನೇಕಾರರ ಮನೆಯಲ್ಲಿ ಯಾರೂ ಹೇಳಿಕೊಡಬೇಕಿಲ್ಲ.

“ನಿನ್ನ ಕೈ ಎಂದೂ ಹಿಂಗ ತಪ್ಪಿದ್ದಿಲ್ಲಲ್ಲ. ಇದನ್ನ ಯಾವಾಗ ನೇದಿ?” ಅಪ್ಪ ಕೇಳಿದ.

“ಇಕಿ ಬಸ್ ಹತ್ತಿದ ದಿನ,” ಎಂದಷ್ಟೇ ಹೇಳಿ ಅವ್ವ ಒಲೆಯ ಕಡೆ ಹೋದಳು. ಆ ಸೀರೆ ಮನೆಯಲ್ಲೇ ಉಳಿಯಿತು.

ಅವ್ವ ಹೋಗಿ ವರ್ಷಗಳಾದವು. ಕುಣಿ ಮುಚ್ಚಿ ಟೈಲ್ಸ್ ಹಾಕಿಸಿದ್ದೇವೆ. ಎಲ್ಲಿಗೆ ಹೊರಟರೂ ಆ ಜಾಗದಲ್ಲೊಂದು ಕ್ಷಣ ನಿಲ್ಲುವ ಚಾಳಿ ನನಗಿದೆ. ಜಲ್ದಿ ಹೋಗು ಅನ್ನುವವರಿಲ್ಲ. ತಲೆ ನೆರೆತ ಮೇಲೂ ಅವ್ವ ಬೇಕು ಅನ್ನಿಸುತ್ತದೆ, ತೀರಾ ಬೇಕು ಅನ್ನಿಸುತ್ತದೆ.

ಮಗಳಿಗೆ ನೆರಿಗೆ ಹಿಡಿಯುವಾಗ ಆ ಪಟ್ಟಿ ಬೆರಳಿಗೆ ಸಿಕ್ಕಿತು. ಒಮ್ಮೆ ಸವರಿ ಮುಂದಿನ ನೆರಿಗೆ ಹಿಡಿದೆ.

“ನೀ ಏನ ಬಿಡು, ಆರಾಮ ಅದಿ,” ಅಂದಳು ಮಗಳು.

“ಹೆದರಾಕ ಏನೈತಿ? ಮುಂಡರಗಿ ಏನ ಭಾಳ ದೂರ ಐತೇನು?” ಎಂದು ನೆರಿಗೆಯನ್ನು ಸೊಂಟಕ್ಕೆ ಸಿಕ್ಕಿಸಿದೆ.

“ಖರೆ. ಮತ್ತ ಇಷ್ಟ ಬಿಗಿ ಯಾಕ ಉಡಸಾಕತ್ತಿ? ಉಸರಾಡಾಕ ಬಿಡಬೇ.”